ಉಡದಾರದ ಚಾವಿ

ದೀಪಾವಳಿಗೆ ಊರಿಗೆ ಹೋದಾಗ ಕಂಪ್ಯೂಟರಿನ ಮೇಲೆ ಅವ್ವನ ಹಳೆಯ ಸೀರೆಯ ತುಂಡು ಹೊದಿಸಿತ್ತು. ಅದರ ಮೇಲೆ ಒಂದು ಹಿತ್ತಾಳೆಯ ತಟ್ಟೆ, ತಟ್ಟೆಯಲ್ಲಿ ಹಿಂದಿನ ದಿನ ತಂದ ಚೆಂಡುಹೂ. ಕೀಬೋರ್ಡನ್ನು ಗೋಡೆಗೆ ಒರಗಿಸಿ ನಿಲ್ಲಿಸಿದ್ದರು. ಬಳಸದ ವಸ್ತುವನ್ನು ನಮ್ಮ ಮನೆಯಲ್ಲಿ ಹೀಗೇ ಇಡುವುದು. ಅಜ್ಜನ ಹಾರ್ಮೋನಿಯಂ ಕೂಡ ಕೊನೆಯ ದಿನಗಳಲ್ಲಿ ಹೀಗೇ ಇತ್ತು.

‘ಮೆಷಿನ್ ಛಲೋ ಅದ ಯವ್ವಾ. ಧೂಳ ಬೀಳ್ತದಂತ ಮುಚ್ಚೀನಿ’ ಎಂದರು ಅಪ್ಪ. ನಾನು ಕೇಳುವ ಮೊದಲೇ ಹೇಳಿದರು. ಅಲ್ಲೇ ಏನೋ ತಪ್ಪಿದೆ ಅನ್ನಿಸಿತು.

ನಮ್ಮದು ಹುಮನಾಬಾದ್. ಅಪ್ಪ ಇಲ್ಲಿಯ ಒಂದು ಅಡತ ಅಂಗಡಿಯಲ್ಲಿ ಮೂವತ್ತೊಂದು ವರ್ಷ ಗುಮಾಸ್ತಿಕೆ ಮಾಡಿ ಬಿಟ್ಟವರು. ತೊಗರಿ, ಜೋಳ, ಉದ್ದು, ಸೋಯಾ ಇವುಗಳ ತೂಕದ ಚೀಟಿಗಳ ನಡುವೆಯೇ ಅವರ ಆಯುಷ್ಯ ಕಳೆದಿದೆ. ಆಯಿ, ಅಂದರೆ ಅಪ್ಪನ ತಾಯಿ, ಇರುವುದು ಬಸವಕಲ್ಯಾಣದಲ್ಲಿ, ತ್ರಿಪುರಾಂತದ ಕಡೆ, ಕಾಕಾನ ಮನೆಯಲ್ಲಿ. ಎಂಬತ್ತು ದಾಟಿದ್ದಾಳೆ. ಓದು ಬರಹ ಬಾರದು. ಅಮಾವಾಸ್ಯೆ, ಸೋಮವಾರಗಳ ಭಜನೆಗಳಲ್ಲಿ ಕೂತು ಕೂತು ಅವಳೊಳಗೆ ನೂರಾರು ತತ್ವಪದಗಳು ಇಳಿದಿದ್ದವು. ಕೆಲವು ಕಡಕೋಳ ಮಡಿವಾಳಪ್ಪನವು, ಕೆಲವು ಯಾರವೆಂದು ಅವಳಿಗೂ ತಿಳಿಯದು, ಕೆಲವು ಅರ್ಧ ಮರಾಠಿ. ನಾನು ವಚನಗಳ ಅಂಕಿತಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದೇನೆ. ಹನ್ನೆರಡನೆಯ ಶತಮಾನದ ಕಲ್ಯಾಣದ ಕುರಿತು ಟಿಪ್ಪಣಿ ಬರೆಯುತ್ತ ಕೂತವಳಿಗೆ, ಅದೇ ಕಲ್ಯಾಣದಲ್ಲಿ ಇವತ್ತು ಹಾಡುತ್ತಿರುವ ಸ್ವಂತ ಆಯಿಯ ಪದಗಳು ಒಂದೂ ಬರಹಕ್ಕೆ ಬಂದಿಲ್ಲವಲ್ಲ ಎಂದು ನಾಚಿಕೆಯಾಗಿದ್ದು ಹೋದ ಬೇಸಿಗೆಯಲ್ಲಿ.

ಆ ಕೆಲಸ ಅಪ್ಪನಿಗೆ ಒಪ್ಪಿಸಿದೆ. ಗೆಳತಿಯೊಬ್ಬಳಿಂದ ಹಳೆಯ ಡೆಸ್ಕ್‌ಟಾಪ್ ತಂದೆ. ಅದರ ಶಕ್ತಿಗೆ ಹೊಸ ವಿಂಡೋಸ್ ಭಾರವಾಗುತ್ತದೆಂದು ಲಿನಕ್ಸ್ ಮಿಂಟ್ ಹಾಕಿದೆ. ಕನ್ನಡಕ್ಕೆ ಕಗಪ ಕೀಲಿಮಣೆ ಕೂಡಿಸಿದೆ. ಅಪ್ಪ ಒಂದೇ ಬೆರಳಲ್ಲಿ, ತೂಕದ ಕಲ್ಲು ಇಡುವವರ ಹಾಗೆ ಒಂದೊಂದೇ ಅಕ್ಷರ ಇಟ್ಟು ಟೈಪ್ ಕಲಿತರು. ಜೂನ್ ಒಂದರಿಂದ ಪ್ರತಿ ಶನಿವಾರದ ಪದ್ಧತಿ ಹೀಗೆ: ಬೆಳಿಗ್ಗೆ ಬಸ್ಸು ಹತ್ತಿ ಕಲ್ಯಾಣಕ್ಕೆ ಹೋಗುವುದು, ಆಯಿ ಹಾಡಿದ್ದನ್ನು ಮೊಬೈಲಿನಲ್ಲಿ ಹಿಡಿಯುವುದು, ಸಂಜೆ ಮರಳಿ ಅದನ್ನು ಕಂಪ್ಯೂಟರಿಗೆ ಇಳಿಸಿ ಮೊಬೈಲಿನಿಂದ ಅಳಿಸುವುದು. ಅವರ ಮೊಬೈಲಿನಲ್ಲಿ ಜಾಗ ಕಡಿಮೆ, ಅಳಿಸದಿದ್ದರೆ ಮುಂದಿನ ವಾರದ್ದು ಹಿಡಿಯದು. ವಾರವಿಡೀ ಕೇಳುತ್ತ ಟೈಪ್ ಮಾಡುವುದು. ಒಂದು ಶನಿವಾರಕ್ಕೆ ಒಂದು ಫೈಲು. ಆಗಸ್ಟ್ ಇಪ್ಪತ್ತನಾಲ್ಕರವರೆಗೆ ಹದಿಮೂರು ಫೈಲು, ನಲವತ್ತೊಂದು ಪದ.

ಆಮೇಲೆ ಏನೂ ಇಲ್ಲ.

ನಾನು ಫೋನಿನಲ್ಲಿ ಕೇಳುತ್ತಲೇ ಇದ್ದೆ. ‘ಪದಗೋಳು ಹ್ಯಾಂಗ ನಡದಾವರಿ ಅಪ್ಪಾ?’ ‘ನಡದಾವ, ನಡದಾವ’ ಎನ್ನುತ್ತಿದ್ದರು. ಒಂಬತ್ತು ಶನಿವಾರ ಹಾಗೇ ಅಂದರು. ಅಪ್ಪ ಸುಳ್ಳು ಹೇಳಿದ್ದು ನನಗೆ ತಿಳಿದಮಟ್ಟಿಗೆ ಅದೊಂದೇ ವಿಷಯದಲ್ಲಿ.

ಸೀರೆ ತುಂಡು ತೆಗೆದು ಯಂತ್ರ ಚಾಲೂ ಮಾಡಿದೆ. ಅಪ್ಪನ ಹೆಸರಿನ ಮೇಲೆ ಒತ್ತಿ, ನನಗೆ ಗೊತ್ತಿದ್ದ ಪಾಸ್‌ವರ್ಡ್ ಹಾಕಿದೆ. ಅವಧಿ ಮುಗಿದಿದೆ, ಹೊಸದು ಕೊಡಿ ಎಂದಿತು, ಇಂಗ್ಲಿಷಿನಲ್ಲಿ. ನನಗೆ ಆಗ ಎಲ್ಲವೂ ಒಮ್ಮೆಲೇ ಹೊಳೆಯಿತು. ಗೋಡೆಯ ಕ್ಯಾಲೆಂಡರ್ ತಿರುವಿ ನೋಡಿದೆ. ಆಗಸ್ಟ್ ಹಾಳೆಯ ಹಿಂಬದಿಯಲ್ಲಿ ನಾನು ಕೊಟ್ಟ ಪಾಸ್‌ವರ್ಡನ್ನು ಅಪ್ಪ ಎಂಟು ಹತ್ತು ಸಲ ಬರೆದಿದ್ದರು, ಶಾಲೆಯ ಹುಡುಗರು ತಪ್ಪಿದ ಪದವನ್ನು ತಿದ್ದಿ ತಿದ್ದಿ ಬರೆಯುವಂತೆ. ಪ್ರತಿ ಸಲವೂ ಸರಿಯಾಗಿಯೇ ಇತ್ತು.

ಈ ತೊಡಕು ಹಾಕಿದವಳು ನಾನೇ. ನಮ್ಮ ವಿಭಾಗದಲ್ಲಿ ಹಿರಿಯ ಸಂಶೋಧಕಿಯೊಬ್ಬರ ಖಾತೆಯೊಳಗೆ ಯಾರೋ ನುಗ್ಗಿ ಅವರ ಅಧ್ಯಾಯಗಳು ಹೋಗಿದ್ದವು. ಅವರು ಕಾರಿಡಾರಿನಲ್ಲಿ ಕೂತು ಅತ್ತದ್ದನ್ನು ನೋಡಿ ನನಗೆ ಭಯ ಹತ್ತಿತ್ತು. ಬೇಸಿಗೆಯಲ್ಲಿ ಮನೆಯ ಯಂತ್ರ ಸಜ್ಜು ಮಾಡುವಾಗ, ಸರ್ವರಿಗೆ ಹಾಕುವಂಥ ನಿಯಮಗಳನ್ನೆಲ್ಲ ತಂದು ಇಲ್ಲಿ ಹೇರಿದೆ. ಕನಿಷ್ಠ ಹನ್ನೆರಡು ಅಕ್ಷರ. ದೊಡ್ಡಕ್ಷರ, ಸಣ್ಣಕ್ಷರ, ಅಂಕಿ, ಚಿಹ್ನೆ ನಾಲ್ಕೂ ಕಡ್ಡಾಯ. ಹಳೆಯದಕ್ಕೆ ಹತ್ತಿರವಿರುವುದು ನಡೆಯದು. 90 ದಿನಕ್ಕೊಮ್ಮೆ ಬದಲಾವಣೆ. ಮೂರು ಸಲ ತಪ್ಪಿದರೆ ಹತ್ತು ನಿಮಿಷ ಬೀಗ. ಜೂನ್ ಒಂದಕ್ಕೆ ತೊಂಬತ್ತು ಕೂಡಿಸಿದರೆ ಆಗಸ್ಟ್ ಮೂವತ್ತು, ಶುಕ್ರವಾರ.

ಅವತ್ತು ಏನಾಯಿತೆಂದು ಅಪ್ಪ ರಾತ್ರಿ ಊಟವಾದ ಮೇಲೆ, ಅವ್ವ ಒಳಗೆ ಹೋದ ಮೇಲೆ ಹೇಳಿದರು. ಹೊಸದು ಕೇಳಿತಂತೆ. ಕೊಟ್ಟರಂತೆ. ಏನೋ ಕೆಂಪಕ್ಷರದಲ್ಲಿ ಬಂದಿತಂತೆ. ಇನ್ನೊಂದು ಕೊಟ್ಟರಂತೆ, ಮತ್ತೆ ಬಂದಿತಂತೆ. ಕೊನೆಗೆ ಹಳೆಯದನ್ನೇ ಹಾಕಿದಾಗ ಅದೂ ತಪ್ಪು ಎಂದಿತಂತೆ.

ಹಳೆಯದು ಯಾಕೆ ತಪ್ಪಾಯಿತು ಎಂಬುದು ನನಗೆ ಎರಡು ದಿನ ಬಗೆಹರಿಯಲಿಲ್ಲ. ಆಮೇಲೆ ಹೊಳೆಯಿತು. ಹಿಂದಿನ ರಾತ್ರಿ ಪದ ಟೈಪ್ ಮಾಡಿ ಎದ್ದಾಗ ಕೀಲಿಮಣೆ ಕನ್ನಡದಲ್ಲೇ ಉಳಿದಿರಬೇಕು. ಅಪ್ಪ ಒತ್ತಿದ ಕೀಲಿಗಳು ಸರಿ, ಒಳಗೆ ಹೋದ ಅಕ್ಷರಗಳು ಬೇರೆ. ಪರದೆಯ ಮೇಲೆ ಕಾಣುವುದು ಬರೀ ಚುಕ್ಕಿ. ಚುಕ್ಕಿಗೆ ಭಾಷೆಯಿಲ್ಲ, ಇಂಗ್ಲಿಷಿನ ಚುಕ್ಕಿಯೂ ಕನ್ನಡದ ಚುಕ್ಕಿಯೂ ಒಂದೇ. ಮೂರು ಸಲ ತಪ್ಪಿತು, ಬೀಗ ಬಿತ್ತು. ಬೀಗ ಬಿದ್ದ ಹತ್ತು ನಿಮಿಷದಲ್ಲಿ ಸರಿಯಾದದ್ದನ್ನು ಹಾಕಿದರೂ ಯಂತ್ರ ಒಳಬಿಡುವುದಿಲ್ಲ. ಅಪ್ಪ ಆ ಹತ್ತು ನಿಮಿಷವೂ ಕ್ಯಾಲೆಂಡರಿನ ಹಿಂದೆ ಬರೆದು ಬರೆದು, ನೋಡಿ ನೋಡಿ ಸರಿಯಾದದ್ದನ್ನೇ ಹಾಕುತ್ತಿದ್ದರು. ಸರಿಯಾದದ್ದನ್ನು ತಪ್ಪು ಎನ್ನಿಸಿಕೊಂಡು ತಮ್ಮ ತಲೆಯ ಮೇಲೆಯೇ ಅವರಿಗೆ ಅನುಮಾನ ಬಂತು.

‘ನನಗ ಹೇಳಬಾರದೇನ್ರಿ ಅಪ್ಪಾ? ಒಂದ್ ಫೋನ್ ಮಾಡಿದ್ರ ಆಗ್ತಿತ್ತು.’

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಅಂಗಿ ಎತ್ತಿ ಉಡದಾರ ತೋರಿಸಿದರು. ‘ಇದಕ್ಕ ಮೂವತ್ತೊಂದ್ ವರ್ಷ ತಿಜೋರಿ ಚಾವಿ ಕಟ್ಟಿದ್ದೆ. ಸಾವ್ಕಾರ್ರಿಗೂ ಕೇಳಿ ಇಸ್ಕೋಬೇಕಾಗಿತ್ತು. ಒಂದಿನಾ ಕಳದಿಲ್ಲ, ಒಂದಿನಾ ಮರ್ತಿಲ್ಲ. ಈಗ ಮಗಳು ಕೊಟ್ಟ ಚಾವಿ ತೊಂಬತ್ತ ದಿವ್ಸದಾಗ ಕಳಕೊಂಡೆ ಅಂತ ಹ್ಯಾಂಗ ಹೇಳ್ಲಿ?’

ಬೇರೆ ಯಾರಾದರೂ ಹೀಗೆ ಹೇಳಿದ್ದರೆ ನಾನು ನಗುತ್ತಿದ್ದೆನೇನೋ.

ಈ ನಿಯಮಗಳು ಎಲ್ಲಿಂದ ಬಂದವು ಎಂದು ಹುಡುಕಿದ್ದು ಆ ರಾತ್ರಿಯೇ. ಸಂಶೋಧನೆಯ ಚಟ, ತಪ್ಪು ತನ್ನದೇ ಆದಾಗಲೂ ಮೂಲ ಆಕರ ಹುಡುಕಬೇಕು. ಅಮೆರಿಕದ ಮಾನಕ ಸಂಸ್ಥೆ ನಿಸ್ಟ್‌ನಲ್ಲಿದ್ದ ಬಿಲ್ ಬರ್ ಎಂಬವರು 2003ರಲ್ಲಿ ಬರೆದ ಮಾರ್ಗಸೂಚಿಯ ಅನುಬಂಧವೊಂದು ಈ ನಾಲ್ಕು ಬಗೆಯ ಅಕ್ಷರಗಳನ್ನೂ ಆಗಾಗ ಬದಲಿಸುವ ಪದ್ಧತಿಯನ್ನೂ ಜಗತ್ತಿಗೆಲ್ಲ ಹಬ್ಬಿಸಿತು. ಆಗ ಅವರ ಕೈಯಲ್ಲಿ ಜನ ನಿಜವಾಗಿ ಎಂಥ ಪಾಸ್‌ವರ್ಡ್ ಇಡುತ್ತಾರೆಂಬುದರ ದಾಖಲೆ ಹೆಚ್ಚಿರಲಿಲ್ಲ. 2017ರಲ್ಲಿ, ನಿವೃತ್ತರಾದ ಮೇಲೆ, ತಾವು ಮಾಡಿದ್ದರಲ್ಲಿ ಬಹಳಷ್ಟಕ್ಕೆ ಈಗ ವಿಷಾದವಿದೆ ಎಂದು ಪತ್ರಿಕೆಯೊಂದಕ್ಕೆ ಹೇಳಿಕೊಂಡರು. ಅದೇ ವರ್ಷ ನಿಸ್ಟ್ ತನ್ನ ಮಾರ್ಗಸೂಚಿಯನ್ನು ಹೊಸದಾಗಿ ಬರೆಯಿತು: ಅಕ್ಷರಗಳ ಬೆರಕೆ ಕಡ್ಡಾಯ ಮಾಡಬೇಡಿ, ಸೋರಿಹೋದ ಸುಳಿವಿಲ್ಲದೆ ಸುಮ್ಮನೆ ಅವಧಿ ಹಾಕಿ ಬದಲಿಸಲು ಒತ್ತಾಯಿಸಬೇಡಿ, ಉದ್ದಕ್ಕೆ ಬೆಲೆ ಕೊಡಿ, ಎಲ್ಲರಿಗೂ ಗೊತ್ತಾಗಿಹೋದ ಪಾಸ್‌ವರ್ಡ್‌ಗಳ ಪಟ್ಟಿಗೆ ಹೋಲಿಸಿ ನೋಡಿ. ಕಾರಣವೂ ಸರಳ. ದೊಡ್ಡಕ್ಷರ ಕೇಳಿದರೆ ಜನ ಮೊದಲಕ್ಷರ ದೊಡ್ಡದು ಮಾಡುತ್ತಾರೆ, ಅಂಕಿ ಕೇಳಿದರೆ ಕೊನೆಗೆ ಒಂದು ಸೇರಿಸುತ್ತಾರೆ, ಬದಲಿಸೆಂದರೆ ಒಂದನ್ನು ಎರಡು ಮಾಡುತ್ತಾರೆ. ಕದಿಯುವವನಿಗೂ ಇದು ಗೊತ್ತು.

ಇದನ್ನು ಓದುವಾಗ ನನಗೆ ನನ್ನ ಪ್ರಬಂಧದ ಒಂದು ಅಧ್ಯಾಯ ನೆನಪಾಗಿ ನಗು ಬಂತು. ಮೋಳಿಗೆ ಮಾರಯ್ಯನ ಅಂಕಿತ ನಿಃಕಳಂಕ ಮಲ್ಲಿಕಾರ್ಜುನ. ಅವನ ಹೆಂಡತಿ ಮಹಾದೇವಿಯದು ಅದಕ್ಕೇ ಮುಂದೆ ಒಂದಿಷ್ಟು ಸೇರಿದ ಅಂಕಿತ. ಆಯ್ದಕ್ಕಿ ಮಾರಯ್ಯನದು ಅಮರೇಶ್ವರಲಿಂಗ, ಲಕ್ಕಮ್ಮನದು ಮಾರಯ್ಯಪ್ರಿಯ ಅಮರೇಶ್ವರಲಿಂಗ. ನನ್ನ ಯಂತ್ರದ ಕಣ್ಣಿಗೆ ಇವೆರಡೂ ‘ಹಳೆಯದಕ್ಕೆ ತೀರ ಹತ್ತಿರ’ ಎಂದು ತಿರಸ್ಕೃತವಾಗುತ್ತಿದ್ದವು. ಆದರೆ ಅಂಕಿತ ಎಲ್ಲರ ಮುಂದೆ ಹೇಳುವಂಥದು, ಪಾಸ್‌ವರ್ಡ್ ಯಾರ ಮುಂದೂ ಹೇಳಬಾರದ್ದು. ಇವೆರಡನ್ನೂ ಒಂದೇ ಗಂಟಿಗೆ ಹಾಕಿ ಸೆಮಿನಾರಿನಲ್ಲಿ ಪ್ರಬಂಧ ಓದುವ ಆಸೆಯನ್ನು ನಾನು ಅಲ್ಲಿಗೇ ಬಿಟ್ಟೆ.

ಇನ್ನೊಂದು ಸಂಗತಿ ಮಾತ್ರ ಅಪ್ಪನಿಗೆ ಮರುದಿನ ಹೇಳಿದೆ. ಯುನಿಕ್ಸ್ ಕಟ್ಟಿದ ಕೆನ್ ಥಾಂಪ್ಸನ್, ಅಂದರೆ ನಮ್ಮ ಲಿನಕ್ಸಿನ ವಂಶವೃಕ್ಷದ ಮೇಲ್ತುದಿಯಲ್ಲಿರುವವರು, ಎಂದೋ ಇಟ್ಟಿದ್ದ ಪಾಸ್‌ವರ್ಡನ್ನು 2019ರಲ್ಲಿ ಒಬ್ಬರು ಬಿಡಿಸಿದರು. ಹಳೆಯ ಕಡತವೊಂದರಲ್ಲಿ ಅದರ ಗೂಢರೂಪ ಉಳಿದಿತ್ತು. ಈ ಕಾಲದ ಯಂತ್ರಕ್ಕೂ ನಾಲ್ಕು ದಿನಕ್ಕಿಂತ ಹೆಚ್ಚು ಹಿಡಿಯಿತು. ಒಳಗಿದ್ದದ್ದು ಎಂಟು ಅಕ್ಷರ: ಚದುರಂಗದ ಆಟದಲ್ಲಿ ರಾಣಿಯ ಮುಂದಿನ ಕಾಲಾಳನ್ನು ಎರಡು ಮನೆ ನಡೆಸುವ ಚಾಲನ್ನು ಬರೆಯುವ ಹಳೆಯ ರೀತಿ. ಅವರಿಗೆ ಚದುರಂಗವೆಂದರೆ ಪ್ರಾಣ, ಚದುರಂಗ ಆಡುವ ಯಂತ್ರವನ್ನೇ ಕಟ್ಟಿದ ಮನುಷ್ಯ. ಅಪ್ಪ ಕೇಳಿ, ‘ಅಂದ್ರ ಅವಾ ತನಗ ಬರೋದೇ ಇಟ್ಟಿದ್ದ. ನೀ ನನಗ ನಿನಗ ಬರೋದು ಕೊಟ್ಟಿದ್ದಿ’ ಎಂದರು.

ನಾನು ಕೊಟ್ಟಿದ್ದದ್ದು ನನ್ನ ಸಂಶೋಧನಾ ವಿಷಯದ ಹೆಸರಿಗೆ ಅಲ್ಲೊಂದು ದುಂಡನೆಯ ಅಟ್ ಗುರುತು, ಇಲ್ಲೊಂದು ಹನ್ನೆರಡು ಸೇರಿಸಿ ಮಾಡಿದ್ದು. ಚೆಂದವಾಗಿದೆ ಎಂದು ನನಗೆ ಹೆಮ್ಮೆಯೂ ಇತ್ತು.

ನಿಯಮ ಸಡಿಲಿಸುವ ಕೆಲಸಕ್ಕೆ ಅಪ್ಪನನ್ನು ಪಕ್ಕದಲ್ಲೇ ಕೂರಿಸಿಕೊಂಡೆ. ನನ್ನ ಖಾತೆಯಿಂದ ಒಳಹೋಗಿ ಮೊದಲು ಆಡಳಿತಗಾರಳ ಅಧಿಕಾರದಲ್ಲಿ ಅಪ್ಪನ ಖಾತೆಗೆ ಒಂದು ತಾತ್ಕಾಲಿಕ ಪಾಸ್‌ವರ್ಡ್ ಹಾಕಿದೆ, ತೀರ ಹಗುರದ್ದು. ಯಂತ್ರ ‘ಇದು ಕೆಟ್ಟ ಪಾಸ್‌ವರ್ಡ್’ ಎಂದು ಗದರಿತು. ಗದರಿ ಒಪ್ಪಿಕೊಂಡಿತು. ಬೇರೆಯಾಗಿ ಬಿಗಿ ಮಾಡದ ಹೊರತು, ರೂಟ್ ಅಧಿಕಾರದಲ್ಲಿ ಕೂತವರಿಗೆ ಈ ನಿಯಮಗಳು ಬರೀ ಬುದ್ಧಿಮಾತು. ಕಡ್ಡಾಯವಿರುವುದು ಸಾಮಾನ್ಯ ಖಾತೆಯವರಿಗೆ ಮಾತ್ರ. ‘ಹುಕುಂ ಬರದೋರಿಗಿ ಹುಕುಂ ಇಲ್ಲ ನೋಡು’ ಎಂದು ಅಪ್ಪ ಮೀಸೆಯೊಳಗೆ ನಕ್ಕರು. ನಿಜಾಮರ ಕಾಲದ ಮಾತುಗಳನ್ನು ಅವರ ಅಪ್ಪನಿಂದ ಕೇಳಿದವರು.

ಆಮೇಲೆ ಇಟಿಸಿ ಎಂಬ ಫೋಲ್ಡರಿನ ಒಳಗೆ, ಸೆಕ್ಯುರಿಟಿ ಎಂಬ ಫೋಲ್ಡರಿನಲ್ಲಿರುವ ಪಿಡಬ್ಲ್ಯೂಕ್ವಾಲಿಟಿ ಕಡತ ತೆರೆದೆ. ಅಕ್ಷರಗಳ ಬಗೆಯನ್ನು ಹಿಡಿತದಲ್ಲಿಡುವ ಸಾಲುಗಳಿಗೆ ಅಲ್ಲಿ ಕ್ರೆಡಿಟ್ ಎಂದೇ ಹೆಸರು: ಅಂಕಿಗೊಂದು, ದೊಡ್ಡಕ್ಷರಕ್ಕೊಂದು, ಸಣ್ಣಕ್ಷರಕ್ಕೊಂದು, ಉಳಿದ ಚಿಹ್ನೆಗಳಿಗೊಂದು. ನಾಲ್ಕರ ಮುಂದೂ ನಾನು ಮೈನಸ್ ಒಂದು ಎಂದು ಬರೆದಿದ್ದೆ. ಮೈನಸ್ ಎಂದರೆ ‘ಕನಿಷ್ಠ ಇಷ್ಟು ಇರಲೇಬೇಕು’. ಪ್ಲಸ್ ಇದ್ದರೆ ‘ಇದ್ದರೆ ಉದ್ದದ ಲೆಕ್ಕದಲ್ಲಿ ಅಷ್ಟು ರಿಯಾಯಿತಿ’. ಸೊನ್ನೆ ಎಂದರೆ ಎರಡೂ ಇಲ್ಲ. ಅಪ್ಪ ಕನ್ನಡಕ ಏರಿಸಿ ಪರದೆಗೆ ಬಗ್ಗಿದರು. ‘ಇದು ಜಮಾ, ಇದು ಬಾಕಿ. ನೀ ನನ್ನ ಹೆಸರಿಗಿ ನಾಕು ಬಾಕಿ ಬರದಿಟ್ಟಿದ್ದಿ’ ಎಂದರು. ಇಷ್ಟು ಬೇಗ ಇದನ್ನು ಅರ್ಥ ಮಾಡಿಕೊಂಡವರನ್ನು ನಾನು ವಿಭಾಗದಲ್ಲೂ ಕಂಡಿಲ್ಲ. ನಾಲ್ಕನ್ನೂ ಸೊನ್ನೆ ಮಾಡಿದೆ. ಕನಿಷ್ಠ ಉದ್ದ ಹನ್ನೆರಡಿದ್ದದ್ದನ್ನು ಎಂಟಕ್ಕೆ ಇಳಿಸಿದೆ. ಆರಕ್ಕಿಂತ ಕೆಳಗೆ ಇಳಿಸಲು ಆ ಕಡತವೇ ಬಿಡುವುದಿಲ್ಲ, ಅದು ಒಳ್ಳೆಯದೇ.

ನಿಘಂಟಿನ ತಪಾಸಣೆಯನ್ನು ತೆಗೆಯಲಿಲ್ಲ. ಅದು ಸುಲಭವಾಗಿ ಊಹಿಸಬಹುದಾದ ಪದಗಳನ್ನು ತಡೆಯುತ್ತದೆ, ಇರಲಿ. ಕುತೂಹಲಕ್ಕೆ ರೋಮನ್ ಅಕ್ಷರಗಳಲ್ಲಿ ಜೋಳದ ರೊಟ್ಟಿ ಎಂದು ಕೊಟ್ಟು ನೋಡಿದೆ. ತಕರಾರಿಲ್ಲದೆ ಒಪ್ಪಿತು. ಇಂಗ್ಲಿಷಿನ ಸೂರ್ಯನ ಬೆಳಕನ್ನು ಹಿಡಿದು ನಿಲ್ಲಿಸುವ ನಿಘಂಟಿಗೆ ನಮ್ಮ ರೊಟ್ಟಿ ಗೊತ್ತಿಲ್ಲ. ಹಾಗಂತ ನಿಮ್ಮ ನಿಮ್ಮ ದೇವರ ಹೆಸರನ್ನೋ ಮಕ್ಕಳ ಹೆಸರನ್ನೋ ಇಡಬೇಡಿ. ಯಂತ್ರಕ್ಕೆ ಗೊತ್ತಿಲ್ಲದ್ದು ಪಕ್ಕದ ಮನೆಯವರಿಗೆ ಗೊತ್ತಿರುತ್ತದೆ.

90 ದಿನದ ಅವಧಿಯನ್ನು ಚೇಜ್ ಎಂಬ ಆಜ್ಞೆಯಿಂದ 99999 ದಿನಕ್ಕೆ ಏರಿಸಿದೆ. ಅವಧಿಯೇ ಇಲ್ಲ ಎನ್ನುವುದಕ್ಕೆ ಲಿನಕ್ಸಿನ ರೂಢಿಯ ಸಂಖ್ಯೆ ಅದು. ಇನ್ನೂರೆಪ್ಪತ್ತು ವರ್ಷಕ್ಕೂ ಹೆಚ್ಚು. ‘ಅಷ್ಟ್ ದಿವ್ಸ ಸಾಕು’ ಎಂದರು ಅಪ್ಪ. ಬೀಗ ಬೀಳುವುದನ್ನು ಹತ್ತು ತಪ್ಪಿಗೆ, ಅದೂ ಒಂದು ನಿಮಿಷಕ್ಕೆ ಇಳಿಸಿದೆ. ಒಳಹೋಗುವ ಪರದೆಯಲ್ಲಿ ಕೀಲಿಮಣೆ ಯಾವ ಭಾಷೆಯಲ್ಲಿದೆ ಎಂದು ಕಾಣುವಂತೆ ಮಾಡಿದೆ. ನಿಜ ಹೇಳಬೇಕೆಂದರೆ ಉಳಿದದ್ದೆಲ್ಲ ಬಿಟ್ಟು ಇದೊಂದನ್ನೇ ಮೊದಲೇ ಮಾಡಿದ್ದರೂ ಅರ್ಧ ಕಷ್ಟ ತಪ್ಪುತ್ತಿತ್ತು.

ಇದರಿಂದ ಮನೆ ಅಸುರಕ್ಷಿತವಾಯಿತೇ? ಅಪ್ಪನ ಖಾತೆಗೆ ಸುಡೊ ಅಧಿಕಾರವಿಲ್ಲ. ಅದು ನನ್ನ ಖಾತೆಗೆ ಮಾತ್ರ, ನನ್ನ ಪಾಸ್‌ವರ್ಡನ್ನು ಉದ್ದವಾಗಿಯೇ ಉಳಿಸಿಕೊಂಡೆ. ಹೊರಗಿನಿಂದ ಈ ಯಂತ್ರದೊಳಗೆ ಬರುವ ಬಾಗಿಲು, ಎಸ್‌ಎಸ್‌ಎಚ್, ಹಾಕಿಯೇ ಇಲ್ಲ. ಬ್ಯಾಂಕಿನ ವ್ಯವಹಾರ ಇದರಲ್ಲಿ ಮಾಡುವುದಿಲ್ಲ. ಯಂತ್ರವನ್ನೇ ಯಾರಾದರೂ ಹೊತ್ತೊಯ್ದರೆ? ನಾನು ಡಿಸ್ಕನ್ನು ಗೂಢಲಿಪಿಗೆ ಹಾಕಿರಲಿಲ್ಲ. ಹಾಗಾಗಿ ಪೆನ್‌ಡ್ರೈವಿನಿಂದ ಬೇರೊಂದು ಲಿನಕ್ಸ್ ಚಾಲೂ ಮಾಡಿದರೆ, ಯಾವ ಪಾಸ್‌ವರ್ಡೂ ಕೇಳದೆ ಎಲ್ಲ ಕಡತ ಕಾಣುತ್ತವೆ. ಬೇಸಿಗೆಯಲ್ಲಿ ನಾಲ್ಕು ಬಗೆಯ ಅಕ್ಷರ ಕೇಳಿದ ನನಗೆ ಆಗಲೂ ಇದು ಗೊತ್ತಿತ್ತು. ಗೊತ್ತಿದ್ದೂ ಮುಂಬಾಗಿಲಿಗೆ ನಾಲ್ಕು ಚಿಲಕ ಹಾಕಿ ಹಿತ್ತಿಲ ಬಾಗಿಲು ಹಾರುಹೊಡೆದಿಟ್ಟಿದ್ದೆ. ಭಯವಿದ್ದಾಗ ಮನುಷ್ಯರು ಲೆಕ್ಕ ಮಾಡುವುದಿಲ್ಲ. ಇನ್ನೊಂದು: ಆ ಹದಿಮೂರು ಫೈಲುಗಳಿಗೆ ಬೇರೆಲ್ಲೂ ಪ್ರತಿ ಇರಲಿಲ್ಲ. ಕಳ್ಳ ಬರಬೇಕಾಗಿಯೇ ಇರಲಿಲ್ಲ, ಡಿಸ್ಕ್ ಕೆಟ್ಟಿದ್ದರೆ ಸಾಕಿತ್ತು. ಅವತ್ತು ಪೆನ್‌ಡ್ರೈವಿಗೆ ಒಂದು ಪ್ರತಿ ಮಾಡಿ ಅಪ್ಪನ ಕೈಗೆ ಕೊಟ್ಟೆ.

ಕೊನೆಗೆ ಹೊಸ ಪಾಸ್‌ವರ್ಡ್. ‘ನೀ ಆ ಕಡಿ ನೋಡು’ ಎಂದರು ಅಪ್ಪ. ಗೋಡೆಗೆ ಮುಖ ಮಾಡಿ ನಿಂತೆ. ಒಂದೊಂದೇ ಕೀಲಿಯ ಸದ್ದು. ಎಣಿಸಬಾರದೆಂದುಕೊಂಡೆ, ಕಿವಿ ಎಣಿಸಿಬಿಟ್ಟಿತು. ನಾನು ಬೇಸಿಗೆಯಲ್ಲಿ ಕೇಳಿದ್ದಕ್ಕಿಂತ ಎಷ್ಟೋ ಹೆಚ್ಚಿತ್ತು. ಎಷ್ಟೆಂದು ಇಲ್ಲಿ ಬರೆಯುವುದಿಲ್ಲ.

ಶನಿವಾರ, ಪಾಡ್ಯದ ದಿನ, ಇಬ್ಬರೂ ಕಲ್ಯಾಣಕ್ಕೆ ಹೋದೆವು. ಹೆದ್ದಾರಿಯಲ್ಲಿ ರಾಜೇಶ್ವರ ದಾಟಿ, ಸಸ್ತಾಪುರ ಬಂಗ್ಲಾದ ಹತ್ತಿರ ಬಸ್ಸು ಒಳಗೆ ಹೊರಳುವವರೆಗೂ ಅಪ್ಪ ಮಾತಾಡಲಿಲ್ಲ. ಆಮೇಲೆ, ‘ಆಯಿಗಿ ಜ್ವರ ಬಂದು ಹೋಗ್ಯಾವ, ನಿನಗ ಹೇಳಿಲ್ಲ’ ಎಂದರು. ಸೆಪ್ಟೆಂಬರಿನ ಕೊನೆಯಲ್ಲಿ ಬಂದಿತ್ತಂತೆ, ಹದಿನೈದು ದಿನ ಹಿಡಿದಿತ್ತಂತೆ. ಅಷ್ಟೂ ಶನಿವಾರ ಅಪ್ಪ ಹೋಗಿದ್ದಾರೆ, ಕೂತಿದ್ದಾರೆ, ಆಯಿ ಹಾಡಿದ್ದಾಳೆ. ಮೊಬೈಲು ಮಾತ್ರ ಜೇಬಿನಿಂದ ತೆಗೆದಿಲ್ಲ. ಹಿಡಿದದ್ದನ್ನು ಎಲ್ಲಿ ಇಳಿಸುವುದು ಎಂದು.

ಆಯಿ ನನ್ನನ್ನು ಗುರುತು ಹಿಡಿದಳು. ಕೈ ಹಿಡಿದು ಗಲ್ಲಕ್ಕೆ ಒತ್ತಿಕೊಂಡಳು. ‘ಹಾಡಲೇನ?’ ಎಂದು ತಾನೇ ಕೇಳಿದಳು. ಶುರು ಮಾಡಿದ ಪದ ನನಗೂ ಗೊತ್ತಿತ್ತು, ಬೇಸಿಗೆಯಲ್ಲಿ ಕೇಳಿದ್ದೆ. ಪಲ್ಲವಿ ಸರಿಯಾಗಿ ಬಂತು. ಎರಡನೆಯ ನುಡಿಯಲ್ಲಿ ಧಾಟಿ ಅದೇ ಇದ್ದು ಮಾತು ಬೇರೆ ಪದದ್ದಾಯಿತು. ಮೂರನೆಯದರಲ್ಲಿ ನಿಂತಳು, ನಮ್ಮಿಬ್ಬರ ಮುಖ ನೋಡಿದಳು, ಮತ್ತೆ ಪಲ್ಲವಿಗೆ ಮರಳಿದಳು. ಅಂಕಿತದ ಸಾಲು ಬರಲೇ ಇಲ್ಲ. ಅಂಕಿತ ಬಿಟ್ಟುಹೋದ ಪಾಠಗಳನ್ನು ಕರ್ತೃ ಅನಿಶ್ಚಿತ ಎಂದು ಗುರುತಿಸಿ ಪಕ್ಕಕ್ಕಿಡುವುದು ನನ್ನ ವೃತ್ತಿ. ಅವತ್ತು ಅಪ್ಪನ ಮುಖ ನೋಡುವ ಧೈರ್ಯವಾಗಲಿಲ್ಲ. ಅವರು ಮೊಬೈಲನ್ನು ಆಯಿಯ ಬಾಯಿಯ ಹತ್ತಿರ ಹಿಡಿದೇ ಇದ್ದರು.

ರಾತ್ರಿ ಹುಮನಾಬಾದಿಗೆ ಮರಳಿ, ಕೈಕಾಲು ತೊಳೆದು, ಅಪ್ಪ ಯಂತ್ರದ ಮುಂದೆ ಕೂತರು. ನಾನು ಹೇಳಿಸಿಕೊಳ್ಳದೆಯೇ ಗೋಡೆಗೆ ಮುಖ ಮಾಡಿದೆ. ಒಳಹೋದರು. ‘ಹ್ಯಾಂಗ ಬಂದದೋ ಹಂಗೇ ಬರೀಲೇನ, ತಿದ್ದಿ ಬರೀಲೇನ?’ ಎಂದು ಕೇಳಿದರು. ಹೇಗೆ ಬಂದಿದೆಯೋ ಹಾಗೇ ಬರೆಯಿರಿ ಎಂದೆ.

ಹೊಸ ಫೈಲಿಗೆ ಅವರು ಇಪ್ಪತ್ತಮೂರು ಎಂದು ಹೆಸರು ಕೊಟ್ಟರು. ಹದಿನಾಲ್ಕಲ್ಲವೇ ಎಂದು ಕೇಳಿದೆ. ಅವರು ಫೋಲ್ಡರ್ ತೋರಿಸಿದರು. ಹದಿನಾಲ್ಕರಿಂದ ಇಪ್ಪತ್ತೆರಡರವರೆಗೆ ಒಂಬತ್ತು ಫೈಲುಗಳನ್ನು ಆಗಲೇ ಮಾಡಿಟ್ಟಿದ್ದರು. ಒಂದೊಂದರಲ್ಲೂ ಮೇಲೆ ಆ ಶನಿವಾರದ ತಾರೀಖು, ಕೆಳಗೆ ಖಾಲಿ.

‘ಇವು ಬಾಕಿ ಅವ’ ಎಂದು ಹೇಳಿ ಟೈಪ್ ಮಾಡತೊಡಗಿದರು.